ತಲೆಗೆ ಪೆಟ್ಟು ಬಿದ್ದ ಮಕ್ಕಳ ಕಣ್ಣು: ಈ ಸಂಶೋಧನೆಗೆ ಇಳಿಯುವುದು ಹೇಗೆ

ಮಗು ಮೆಟ್ಟಿಲಿಂದ ಬೀಳುತ್ತದೆ. ಇಲ್ಲಾ ಕಬಡ್ಡಿ ಆಡುವಾಗ ಇನ್ನೊಬ್ಬನ ಮೊಣಕಾಲು ಬಂದು ತಲೆಗೆ ಬಡಿಯುತ್ತದೆ. ಸ್ಕ್ಯಾನ್‌ನಲ್ಲಿ ಏನೂ ಇಲ್ಲ, ವಾಂತಿ ಇಲ್ಲ, ಮಾತು ಸರಿಯಾಗಿದೆ, ಮನೆಗೆ ಕಳಿಸುತ್ತಾರೆ. ತಿಂಗಳು ಕಳೆದರೂ ಪುಸ್ತಕ ಹಿಡಿದ ಸ್ವಲ್ಪ ಹೊತ್ತಿಗೇ ತಲೆನೋವು, ಸಾಲು ತಪ್ಪುತ್ತದೆ, ಅಕ್ಷರ ಎರಡೆರಡಾಗಿ ಕಾಣುತ್ತದೆ. ಕಣ್ಣು ತೋರಿಸಿದರೆ ಚಾರ್ಟಿನ ಕೊನೇ ಸಾಲನ್ನೂ ಸಲೀಸಾಗಿ ಓದುತ್ತದೆ. 6/6, ಕನ್ನಡಕ ಬೇಡ. ಮನೆಯಲ್ಲಿ ಮಾತ್ರ 'ಓದೋಕೆ ಕಳ್ಳಾಟ' ಅಂತ ಬೈಗುಳ ಶುರು.

ಈ ಮಗುವಿಗೆ ನಿಜಕ್ಕೂ ಏನಾಗಿದೆ ಅಂತ ಹುಡುಕುವುದನ್ನೇ ಕಸುಬು ಮಾಡಿಕೊಂಡವರಿದ್ದಾರೆ. ಹೊರದೇಶಗಳಲ್ಲಿ ಜಾಸ್ತಿ, ನಮ್ಮಲ್ಲಿ ಬೆರಳೆಣಿಕೆ. ಆ ದಾರಿಗೆ ಬರಬೇಕು ಅಂತಿರುವ ಪಿಯುಸಿ ಹುಡುಗರು, ಆಪ್ಟೋಮೆಟ್ರಿ (ಕಣ್ಣಿನ ಪರೀಕ್ಷೆ, ಕನ್ನಡಕದ ವಿದ್ಯೆ) ಓದುತ್ತಿರುವವರು, ಎಂಬಿಬಿಎಸ್ ಮುಗಿಸಿ ಮುಂದೇನು ಅಂತ ಕೂತಿರುವವರು, ಇವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಚಾರ್ಟು ದೂರದ ನೋಟವನ್ನು ಅಳೆಯುತ್ತದೆ, ಅಷ್ಟೇ. ಪುಸ್ತಕ ಓದುವುದು ಬೇರೆಯೇ ಕೆಲಸ. ಎರಡೂ ಕಣ್ಣು ಮೂಗಿನ ಕಡೆಗೆ ಒಟ್ಟಿಗೆ ತಿರುಗಬೇಕು, ಒಳಗಿನ ಲೆನ್ಸ್ ಹತ್ತಿರಕ್ಕೆ ಫೋಕಸ್ ಮಾಡಬೇಕು, ನೋಟ ಒಂದು ಪದದಿಂದ ಇನ್ನೊಂದಕ್ಕೆ ಹಾರಬೇಕು. ಇದನ್ನೆಲ್ಲ ನಡೆಸುವುದು ಮಿದುಳು. ಮಿದುಳಿಗೆ ಅಲುಗಾಟ ಆದಾಗ, ಅಂದರೆ ಕನ್‌ಕಷನ್ ಆದಾಗ, ಇವು ಲಯ ತಪ್ಪುತ್ತವೆ. ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯ ಕ್ರಿಸ್ಟೀನಾ ಮಾಸ್ಟರ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯಕ್ಕೆ ಒಳ್ಳೇ ಬಾಗಿಲು. ಕನ್‌ಕಷನ್ ಆದ 100 ಹದಿಹರೆಯದವರನ್ನು ಪರೀಕ್ಷಿಸಿದರೆ 69 ಮಂದಿಗೆ ಒಂದಲ್ಲ ಒಂದು ದೃಷ್ಟಿ ತೊಂದರೆ ಇತ್ತು. 51 ಮಂದಿಗೆ ಫೋಕಸ್‌ನದು, 49 ಮಂದಿಗೆ ಕಣ್ಣು ಒಳಗೆ ತಿರುಗಿಸುವುದರದು, 29 ಮಂದಿಗೆ ನೋಟ ಹಾರಿಸುವುದರದು. ಕೂಡಿದರೆ ನೂರು ದಾಟುತ್ತದೆ, ಯಾಕೆಂದರೆ ಒಂದೇ ಮಗುವಿಗೆ ಎರಡು ಮೂರು ಇರಬಹುದು.

ಈ ಅಂಕಿ ನೋಡಿದ ತಕ್ಷಣ ನಿಮ್ಮ ತಲೆಯಲ್ಲಿ ಒಂದು ಪ್ರಶ್ನೆ ಬಂದರೆ ನೀವು ಈ ಕೆಲಸಕ್ಕೆ ಆಗುವವರು. ಈ ಮಕ್ಕಳ ಕಣ್ಣು ಪೆಟ್ಟು ಬೀಳುವ ಮುಂಚೆ ಹೇಗಿತ್ತು?

ಇಡೀ ಕ್ಷೇತ್ರದ ಕಗ್ಗಂಟು ಅದೇ. ಹಾಗಾಗಿ ನನ್ನ ಮೊದಲ ಸಲಹೆ ತಲೆಕೆಳಗು ಅನ್ನಿಸಬಹುದು: ಪೆಟ್ಟು ಬಿದ್ದ ಮಕ್ಕಳ ಹತ್ತಿರ ಹೋಗುವ ಮೊದಲು ಪೆಟ್ಟು ಬೀಳದ ಮಕ್ಕಳನ್ನು ನೋಡಿ ನೋಡಿ ಕೈ ಪಳಗಿಸಿಕೊಳ್ಳಿ.

ಯಾವ ಡಿಗ್ರಿ

ಮೂರು ದಾರಿ ಇವೆ. ಮೂರರಲ್ಲೂ ಜನ ಬಂದಿದ್ದಾರೆ.

ಒಂದು, ಆಪ್ಟೋಮೆಟ್ರಿ. ಪಿಯುಸಿ ಸೈನ್ಸ್ ಆದಮೇಲೆ ಬಿ.ಆಪ್ಟಮ್, ಇಷ್ಟು ದಿನ ಸಾಮಾನ್ಯವಾಗಿ ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷ, ಆಮೇಲೆ ಎರಡು ವರ್ಷ ಎಂ.ಆಪ್ಟಮ್, ಆಮೇಲೆ ಪಿಎಚ್‌ಡಿ. ಕರ್ನಾಟಕದಲ್ಲಿ ಮಣಿಪಾಲದಲ್ಲಿದೆ, ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಅಡಿಯ ಕಾಲೇಜುಗಳಲ್ಲೂ ಇದೆ. ಪಕ್ಕದಲ್ಲಿ ಚೆನ್ನೈಯ ಶಂಕರ ನೇತ್ರಾಲಯದ ಎಲೀಟ್ ಸ್ಕೂಲ್, ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆ. ಒಂದು ಮಾತು ಗಮನದಲ್ಲಿಡಿ. 2021ರಲ್ಲಿ ಅಲೈಡ್ ಹೆಲ್ತ್‌ಕೇರ್ ಕೋರ್ಸುಗಳಿಗೆ ಹೊಸ ರಾಷ್ಟ್ರೀಯ ಕಾಯ್ದೆ ಬಂತು, ಆಪ್ಟೋಮೆಟ್ರಿಯೂ ಅದರೊಳಗೆ ಬರುತ್ತದೆ, ಕೋರ್ಸಿನ ಅವಧಿ, ಪಠ್ಯ, ನೋಂದಣಿ ಎಲ್ಲಕ್ಕೂ ಅದರದೇ ನಿಯಮ. ಹಾಗಾಗಿ ಸೀನಿಯರ್ ಹೇಳಿದ್ದನ್ನು ನಂಬಿ ಫೀಸು ಕಟ್ಟಬೇಡಿ. ಈ ವರ್ಷದ ನಿಯಮ ಏನು ಅಂತ ಕಾಲೇಜಿನಿಂದ ಲಿಖಿತವಾಗಿ ಕೇಳಿ.

ಎರಡು, ಎಂಬಿಬಿಎಸ್, ಆಮೇಲೆ ಕಣ್ಣಿನ ಎಂಎಸ್, ಆಮೇಲೆ ಮಕ್ಕಳ ಕಣ್ಣು ಮತ್ತು ಮೆಳ್ಳೆಗಣ್ಣಿನ ಫೆಲೋಶಿಪ್. ದಾರಿ ಉದ್ದ. ಆದರೆ ಆಪರೇಷನ್ ಮಾಡುವ ಅಧಿಕಾರ, ಆಸ್ಪತ್ರೆಯಲ್ಲಿ ಮಾತಿಗೆ ತೂಕ, ಎರಡೂ ಸಿಗುತ್ತವೆ. ತೊಂದರೆ ಏನಂದರೆ ಓಪಿಡಿಯಲ್ಲಿ ಸಾಲು ನಿಂತಿರುವಾಗ ಒಂದು ಮಗುವಿಗೆ ಮುಕ್ಕಾಲು ಗಂಟೆ ಕೊಟ್ಟು ಕಣ್ಣುಗಳ ಹೊಂದಾಣಿಕೆ ಅಳೆಯುವುದು ಸರ್ಜನ್‌ಗಳಿಗೆ ಆಗದ ಮಾತು. ಈ ಕ್ಷೇತ್ರದಲ್ಲಿ ಆಪ್ಟೋಮೆಟ್ರಿಸ್ಟ್‌ಗಳೇ ಮುಂದಿರುವುದಕ್ಕೆ ಇದೂ ಒಂದು ಕಾರಣ ಅಂತ ನನಗನ್ನಿಸುತ್ತದೆ.

ಮೂರನೆಯದು ಜನಕ್ಕೆ ಗೊತ್ತೇ ಇರುವುದಿಲ್ಲ: ಎಂಜಿನಿಯರಿಂಗ್, ಸೈಕಾಲಜಿ, ನ್ಯೂರೋಸೈನ್ಸ್. ನ್ಯೂಜೆರ್ಸಿ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ತಾರಾ ಅಲ್ವಾರೆಜ್ ಬಯೋಮೆಡಿಕಲ್ ಎಂಜಿನಿಯರ್. ಕನ್‌ಕಷನ್ ನಂತರದ ಕಣ್ಣಿನ ತೊಂದರೆಯ ದೊಡ್ಡ ಟ್ರಯಲ್ (ಚಿಕಿತ್ಸೆ ಕೊಟ್ಟು ಹೋಲಿಸಿ ನೋಡುವ ಅಧ್ಯಯನ) ಒಂದನ್ನು ನಡೆಸಿದ ತಂಡದಲ್ಲಿ ಅವರು ಮುಖ್ಯರು. ಕಣ್ಣಿನ ಚಲನೆಯ ಡೇಟಾ ಅಂದರೆ ಸೆಕೆಂಡಿಗೆ ನೂರಾರು ಅಳತೆ, ಅದನ್ನು ಜಾಲಿಸುವವರು ಎಲ್ಲ ಲ್ಯಾಬಿಗೂ ಬೇಕು. ಬಿಇ ಮಾಡಿದ್ದೀರಿ, ಪೈಥಾನ್ ಇಲ್ಲವೇ ಮ್ಯಾಟ್‌ಲ್ಯಾಬ್ ಬರುತ್ತದೆ ಅಂದರೆ ಬಾಗಿಲು ತೆರೆದೇ ಇದೆ.

ಕೈ ಪಳಗುವುದು ಅಂದರೆ

ಒಂದೇ ಒಂದು ಪರೀಕ್ಷೆ ತೆಗೆದುಕೊಂಡು ಹೇಳುತ್ತೇನೆ. ಅದರ ಹೆಸರು ನಿಯರ್ ಪಾಯಿಂಟ್ ಆಫ್ ಕನ್ವರ್ಜೆನ್ಸ್, ಎಲ್ಲರೂ ಎನ್‌ಪಿಸಿ ಅನ್ನುತ್ತಾರೆ. ಒಂದು ಸಣ್ಣ ಅಕ್ಷರವನ್ನು ಮಗುವಿನ ಮೂಗಿನ ನೇರಕ್ಕೆ ಹಿಡಿದು ನಿಧಾನವಾಗಿ ಹತ್ತಿರ ತರುವುದು. ಒಂದು ಹಂತದಲ್ಲಿ ಅಕ್ಷರ ಎರಡಾಗುತ್ತದೆ, ಇಲ್ಲಾ ಒಂದು ಕಣ್ಣು ಹೊರಗೆ ಜಾರುತ್ತದೆ. ಅದು ಎಷ್ಟು ಸೆಂಟಿಮೀಟರ್? ಬರೆದುಕೊಳ್ಳಿ. ಈಗ ಹಿಂದಕ್ಕೆ ಒಯ್ಯಿರಿ, ಮತ್ತೆ ಒಂದಾಗಿದ್ದು ಎಲ್ಲಿ? ಅದನ್ನೂ ಬರೆದುಕೊಳ್ಳಿ. ಮುಗಿಯಿತು. ಒಂದು ನಿಮಿಷದ ಕೆಲಸ.

ಆದರೆ ಅಷ್ಟರಲ್ಲೇ ಎಷ್ಟು ಕಡೆ ಎಡವಬಹುದು ನೋಡಿ. ಸ್ಕೇಲಿನ ಸೊನ್ನೆ ಎಲ್ಲಿಟ್ಟಿರಿ, ಮೂಗಿನ ತುದಿಗಾ ಹುಬ್ಬಿನ ಹತ್ತಿರಕ್ಕಾ? ಅಲ್ಲೇ ಸೆಂಟಿಮೀಟರುಗಟ್ಟಲೆ ವ್ಯತ್ಯಾಸ ಬರುತ್ತದೆ. ಬೆಳಕಿನ ಚುಕ್ಕೆ ತೋರಿಸಿದಿರಾ, ಓದಬಹುದಾದ ಅಕ್ಷರ ತೋರಿಸಿದಿರಾ? ಅಕ್ಷರ ಆದರೆ ಮಗು ಫೋಕಸ್ ಕೂಡ ಮಾಡಬೇಕು, ಫಲಿತಾಂಶ ಬೇರೆ. 'ಎರಡಾಯ್ತಾ ಪುಟ್ಟಾ? ಈಗ? ಈಗ ಎರಡಾಯ್ತಾ?' ಅಂತ ಕೇಳಿದರೆ ಮೂರನೇ ಸಲಕ್ಕೆ ಮಗು ಹೂಂ ಅನ್ನುತ್ತದೆ, ಸುಮ್ನೆ ನಿಮ್ಮನ್ನು ಖುಷಿಪಡಿಸೋಕೆ. 'ಏನಾದ್ರೂ ಬದಲಾದ್ರೆ ಹೇಳು' ಅನ್ನುವುದು ವಾಸಿ. ಇನ್ನು ಕೆಲವು ಮಕ್ಕಳಿಗೆ ಎರಡು ಕಾಣುವುದೇ ಇಲ್ಲ, ಮಿದುಳು ಒಂದು ಕಣ್ಣಿನ ಚಿತ್ರವನ್ನು ಆಫ್ ಮಾಡಿಬಿಡುತ್ತದೆ. ಅವರು ಮೂಗಿಗೆ ತಾಗುವವರೆಗೂ 'ಒಂದೇ' ಅನ್ನುತ್ತಿರುತ್ತಾರೆ. ಅಷ್ಟರಲ್ಲಿ ಎಡಗಣ್ಣು ಯಾವಾಗಲೋ ಕಿವಿ ಕಡೆ ಹೋಗಿರುತ್ತದೆ. ಮಗುವಿನ ಬಾಯಿ ಕೇಳುತ್ತಾ ಕಣ್ಣನ್ನು ನೋಡುತ್ತಿರಬೇಕು. ಒಂದೇ ಸಲ ಮಾಡಿ ಬಿಟ್ಟರೂ ಸಾಲದು. ಕನ್‌ಕಷನ್ ಆದವರಲ್ಲಿ ಮೊದಲ ಸಲ ಚೆನ್ನಾಗಿ ಬಂದು, ಮತ್ತೆ ಮತ್ತೆ ಮಾಡಿದಾಗ ಕೈಕೊಡುವುದುಂಟು. ಓದುವಾಗ ಆಗುವುದೂ ಅದೇ ಅಲ್ವಾ.

ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದವರು 2014ರಲ್ಲಿ ಹೊರತಂದ ವಾಮ್ಸ್ (VOMS) ಎಂಬ ಸ್ಕ್ರೀನಿಂಗ್‌ನಲ್ಲಿ ಎನ್‌ಪಿಸಿಯನ್ನು ಮೂರು ಸಲ ಅಳೆಯಲು ಹೇಳಿರುವುದು ಸುಮ್ಮನೆ ಅಲ್ಲ. ಅದರಲ್ಲಿ ಕಣ್ಣಿನ ಜೊತೆ ತಲೆ ಅಲ್ಲಾಡಿಸುವ ಪರೀಕ್ಷೆಗಳೂ ಇವೆ, ಪ್ರತಿಯೊಂದರ ನಂತರವೂ ತಲೆನೋವು, ತಲೆಸುತ್ತು, ವಾಕರಿಕೆ, ಮಂಕು ಎಷ್ಟಿದೆ ಅಂತ ಸೊನ್ನೆಯಿಂದ ಹತ್ತರವರೆಗೆ ಕೇಳುತ್ತಾರೆ. ಮೊದಲು ಇದನ್ನು ಕಲಿಯಿರಿ. ಜೊತೆಗೆ ಕವರ್ ಟೆಸ್ಟ್ (ಒಂದು ಕಣ್ಣು ಮುಚ್ಚಿ ಇನ್ನೊಂದು ಸರಿಯುತ್ತದಾ ನೋಡುವುದು), ಪ್ರಿಸಂ ಬಾರ್ (ಎಷ್ಟು ಸರಿಯಿತು ಅಂತ ಅಳೆಯುವ ಗಾಜಿನ ಪಟ್ಟಿ), ಫ್ಲಿಪ್ಪರ್ (ಫೋಕಸ್ ಬದಲಿಸುವ ಚುರುಕು ನೋಡುವ ಲೆನ್ಸ್), ಸ್ಟೀರಿಯೋ ಟೆಸ್ಟ್ (ಆಳ ಗುರುತಿಸುವ ಪರೀಕ್ಷೆ). ಫೋಕಸ್ ಶಕ್ತಿಗೆ ಒಂದು ಹಳೇ ಸೂತ್ರ ಇದೆ, 15ರಿಂದ ವಯಸ್ಸಿನ ಕಾಲು ಭಾಗ ಕಳೆಯುವುದು. ಹನ್ನೆರಡರ ಮಗುವಿಗೆ ಕನಿಷ್ಠ 12 ಡಯಾಪ್ಟರ್ (ಲೆನ್ಸಿನ ಶಕ್ತಿಯ ಅಳತೆ) ಇರಬೇಕು. ಬಾಯಿಪಾಠ ಆಗಿರಲಿ.

ಕಣ್ಣಿನ ಚಲನೆ ದಾಖಲಿಸುವ, ಲಕ್ಷಗಟ್ಟಲೆ ಬೆಲೆಯ ಐ-ಟ್ರ್ಯಾಕರ್ ನೋಡಿ ಮರುಳಾಗುವುದು ಸಹಜ. ಕೈಯಲ್ಲಿ ಪ್ರಿಸಂ ಬಾರ್ ನಡುಗುತ್ತಿದ್ದರೆ ಅದರಿಂದ ಏನೂ ಉಪಯೋಗವಿಲ್ಲ.

ಒಂದು ಶಾಲೆ ಹಿಡಿದುಕೊಳ್ಳಿ. ಹೆಡ್‌ಮಾಸ್ಟರ ಮತ್ತು ತಂದೆತಾಯಿಗಳ ಒಪ್ಪಿಗೆ ತೆಗೆದುಕೊಂಡು, ನಿಮ್ಮ ಕಾಲೇಜಿನ ಕಣ್ಣು ತಪಾಸಣೆ ಶಿಬಿರದ ಜೊತೆಗೇ ಹೋಗಿ, ನಾರ್ಮಲ್ ಮಕ್ಕಳಲ್ಲಿ ಇದೇ ಪರೀಕ್ಷೆಗಳನ್ನು ಮಾಡಿ. ಗೆಳೆಯರೊಬ್ಬರು ಅದೇ ಮಕ್ಕಳನ್ನು ನಿಮ್ಮ ಅಂಕಿ ನೋಡದೆ ಮತ್ತೆ ಅಳೆಯಲಿ. ಇಬ್ಬರದೂ ಹೊಂದುವವರೆಗೆ ಬಿಡಬೇಡಿ.

ಎರಡು ಬಲೆ

ಪೆಟ್ಟಿಗೆ ಮುಂಚೆ ಕಣ್ಣು ಹೇಗಿತ್ತು ಅನ್ನುವ ಆ ಪ್ರಶ್ನೆಗೆ ಈಗ ಬರೋಣ, ಮೊದಲ ಬಲೆ ಅದೇ. ಶಂಕರ ನೇತ್ರಾಲಯದವರು ತಮಿಳುನಾಡಿನ ಸಾಮಾನ್ಯ ಶಾಲಾಮಕ್ಕಳ ಕಣ್ಣು ಹೇಗಿರುತ್ತದೆ ಅಂತ ನೋಡಿದರು. ಮೆಳ್ಳೆಗಣ್ಣು ಇಲ್ಲದ, ಹೊರಗೆ ಸರಿಯಾಗೇ ಕಾಣುವ ಮಕ್ಕಳಲ್ಲೇ, ಪಟ್ಟಣದಲ್ಲೂ ಹಳ್ಳಿಯಲ್ಲೂ ಹೆಚ್ಚುಕಡಿಮೆ ಶೇ. 30ರಷ್ಟು ಮಂದಿಗೆ ಎರಡು ಕಣ್ಣುಗಳ ಹೊಂದಾಣಿಕೆಯ ಅಥವಾ ಫೋಕಸ್‌ನ ಏನಾದರೊಂದು ದೋಷ ಇತ್ತು. ಕಣ್ಣು ಒಳಗೆ ತಿರುಗಿಸಲಾಗದ ತೊಂದರೆ, ಅಂದರೆ ಕನ್ವರ್ಜೆನ್ಸ್ ಇನ್‌ಸಫಿಶಿಯೆನ್ಸಿ, ಅದೊಂದೇ ಶೇ. 17ರ ಆಸುಪಾಸು. ಈಗ ಫಿಲಡೆಲ್ಫಿಯಾದ 49ರ ಪಕ್ಕ ಇದನ್ನು ಇಟ್ಟು ನೋಡಿ. ದೇಶ ಬೇರೆ, ವಯಸ್ಸು ಬೇರೆ, ಪರೀಕ್ಷಿಸಿದ ರೀತಿ ಬೇರೆ, ನೇರವಾಗಿ ಕಳೆಯುವ ಹಾಗಿಲ್ಲ. ಆದರೂ ಒಂದು ವಿಷಯ ಸ್ಪಷ್ಟ: ಪೆಟ್ಟು ಬಿದ್ದ ಮಗುವಿನಲ್ಲಿ ಕಂಡಿದ್ದೆಲ್ಲ ಪೆಟ್ಟಿನಿಂದಲೇ ಬಂದಿದ್ದು ಅಂತ ಬರೆಯುವ ಹಾಗಿಲ್ಲ. ಅದೇ ವಯಸ್ಸಿನ, ಅದೇ ಥರದ ಶಾಲೆಯ, ಪೆಟ್ಟು ಬೀಳದ ಮಕ್ಕಳ ಗುಂಪು ಇಲ್ಲದ ಅಧ್ಯಯನಕ್ಕೆ ನಿಮ್ಮ ವರ್ಷಗಳನ್ನು ಸುರಿಯಬೇಡಿ.

ಎರಡನೇ ಬಲೆ ಇನ್ನೂ ಚೆಂದ. ಬಹಳ ಮಕ್ಕಳು ತಾವಾಗೇ ಸುಧಾರಿಸುತ್ತಾರೆ. ಕೆನಡಾದ ರೋಜರ್ ಝೆಮೆಕ್ ತಂಡ ಎಮರ್ಜೆನ್ಸಿ ವಿಭಾಗಕ್ಕೆ ಬಂದ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಸೇರಿಸಿಕೊಂಡು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 28 ದಿನ ಆದಮೇಲೂ ಲಕ್ಷಣ ಉಳಿದಿದ್ದು ಸುಮಾರು ಶೇ. 31 ಮಂದಿಗೆ. ಅಂದರೆ ಉಳಿದವರಿಗೆ, ಸುಮಾರು ಮೂರರಲ್ಲಿ ಎರಡು ಪಾಲು ಮಕ್ಕಳಿಗೆ, ನೀವು ಮೊದಲ ವಾರದಲ್ಲಿ ಏನು ಕೊಟ್ಟಿದ್ದರೂ, ಕಣ್ಣಿನ ವ್ಯಾಯಾಮ ಇರಲಿ ಬೆಲ್ಲದ ಪಾನಕ ಇರಲಿ, ವಾಸಿಯಾಯಿತು ಅಂತಲೇ ಕಾಣುತ್ತಿತ್ತು.

ಇದಕ್ಕೆ ಮದ್ದು ಏನು ಅಂತ ಕಲಿಯಬೇಕಾದರೆ 2008ರ ಸಿಐಟಿಟಿ ಟ್ರಯಲ್ ಓದಿ, ಕಣ್ಣು ಒಳಗೆ ತಿರುಗಿಸಲಾಗದ ಮಕ್ಕಳಿಗೆ ಯಾವ ಚಿಕಿತ್ಸೆ ವಾಸಿ ಅಂತ ನೋಡಿದ್ದು. ಕನ್‌ಕಷನ್‌ಗೆ ಸಂಬಂಧಿಸಿದ್ದಲ್ಲ, ಆದರೆ ಈ ಕ್ಷೇತ್ರ ನಿಂತಿರುವುದೇ ಅದರ ಮೇಲೆ. ಮಿಚೆಲ್ ಶೈಮನ್ ಮುಂದಾಳು, ಅಮೆರಿಕದ ನ್ಯಾಷನಲ್ ಐ ಇನ್‌ಸ್ಟಿಟ್ಯೂಟ್ ದುಡ್ಡು ಕೊಟ್ಟಿದ್ದು. 9ರಿಂದ 17 ವಯಸ್ಸಿನ 221 ಮಕ್ಕಳು, ನಾಲ್ಕು ಗುಂಪು, 12 ವಾರ. ಕ್ಲಿನಿಕ್‌ಗೆ ಬಂದು ತರಬೇತಿ ಪಡೆದ ಗುಂಪಿನಲ್ಲಿ ಶೇ. 73 ಮಂದಿ ಗುಣವಾದರು ಅಥವಾ ಸುಧಾರಿಸಿದರು. ಮನೆಯಲ್ಲಿ ಪೆನ್ಸಿಲ್ ಹಿಡಿದು ಮೂಗಿನ ಹತ್ತಿರ ತರುವ ವ್ಯಾಯಾಮ ಮಾಡಿದವರಲ್ಲಿ ಶೇ. 43. ಆದರೆ ನೀವು ಕಣ್ಣಿಡಬೇಕಾದ್ದು ಇನ್ನೊಂದು ಅಂಕಿಯ ಮೇಲೆ. ಕ್ಲಿನಿಕ್‌ಗೆ ಬಂದು, ನಿಜವಾದ ಚಿಕಿತ್ಸೆಯ ಥರವೇ ಕಾಣುವ, ಆದರೆ ಏನೂ ಮಾಡದ ಹುಸಿ ತರಬೇತಿ ಪಡೆದ ಗುಂಪು. ಅವರಲ್ಲೂ ಶೇ. 35 ಮಂದಿ ಸುಧಾರಿಸಿದರು! ಆ ಗುಂಪು ಇಲ್ಲದಿದ್ದರೆ 73ಕ್ಕೆ ಅರ್ಥ ಬರುತ್ತಲೇ ಇರಲಿಲ್ಲ.

ಇದರ ಮುಂದಿನ ಕಂತು ಇನ್ನೂ ಪಾಠ ಕಲಿಸುತ್ತದೆ. ಕಣ್ಣು ಸರಿಯಾದರೆ ಓದು ಸುಧಾರಿಸುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದರು. ಅದೇ ಬಳಗ 300ಕ್ಕೂ ಹೆಚ್ಚು ಮಕ್ಕಳಲ್ಲಿ ನೋಡಿ 2019ರಲ್ಲಿ ಪ್ರಕಟಿಸಿತು: ಓದಿ ಅರ್ಥಮಾಡಿಕೊಳ್ಳುವ ಅಂಕದಲ್ಲಿ ನಿಜ ಚಿಕಿತ್ಸೆಗೂ ಹುಸಿ ಚಿಕಿತ್ಸೆಗೂ ವ್ಯತ್ಯಾಸ ಬರಲಿಲ್ಲ. ತಮಗೇ ಬೇಡವಾದ ಉತ್ತರವನ್ನು ಮುಚ್ಚಿಡದೆ ಪ್ರಕಟಿಸಿದರಲ್ಲ, ಅಂಥವರ ಕೈಕೆಳಗೆ ಕೆಲಸ ಕಲಿಯಬೇಕು.

ಕನ್‌ಕಷನ್ ಮಕ್ಕಳಿಗೆ ತಿಂಗಳುಗಟ್ಟಲೆ ಹುಸಿ ಚಿಕಿತ್ಸೆ ಕೊಡುವುದು ಕಷ್ಟ, ಅವರ ಶಾಲೆ ಆಗಲೇ ಹಿಂದೆ ಬಿದ್ದಿರುತ್ತದೆ. ಅದಕ್ಕೆ ಅಲ್ವಾರೆಜ್, ಶೈಮನ್, ಮಾಸ್ಟರ್ ಸೇರಿ ನಡೆಸಿದ ಟ್ರಯಲ್‌ನಲ್ಲಿ ಬೇರೆ ಉಪಾಯ ಮಾಡಿದರು. ಒಂದು ಗುಂಪಿಗೆ ತಕ್ಷಣ ಚಿಕಿತ್ಸೆ, ಇನ್ನೊಂದಕ್ಕೆ ಆರು ವಾರ ತಡವಾಗಿ. ಆ ಆರು ವಾರವೇ ಹೋಲಿಕೆಗೆ ಸಿಗುವ ಕಾಲ, ಕೊನೆಗೆ ಎಲ್ಲರಿಗೂ ಚಿಕಿತ್ಸೆ ಸಿಗುತ್ತದೆ. ಇಂಥ ಉಪಾಯ ಹೊಳೆಯಬೇಕಾದರೆ ಅಂಕಿಅಂಶ ಶಾಸ್ತ್ರ ಗೊತ್ತಿರಬೇಕು. ಆರ್ (R) ಅನ್ನುವ ಅಂಕಿಅಂಶದ ಸಾಫ್ಟ್‌ವೇರ್ ಕಲಿಯಿರಿ, ಉಚಿತ.

ಮಕ್ಕಳ ಮೇಲೆ ಸಂಶೋಧನೆ ಅಂದರೆ ಕಾಗದ ಪತ್ರ

ಇದು ಬೇಜಾರಿನ ಭಾಗ, ಬೇಗ ಮುಗಿಸುತ್ತೇನೆ. ನಮ್ಮಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ನಡೆಯುತ್ತದೆ. ತಂದೆ ಅಥವಾ ತಾಯಿಯ ಸಹಿ ಬೇಕೇ ಬೇಕು. ಅದರ ಮೇಲೆ 7ರಿಂದ 12ರ ಮಗುವಿನ ಬಾಯಿಮಾತಿನ ಒಪ್ಪಿಗೆ, 12 ದಾಟಿದರೆ ಬರಹದ ಒಪ್ಪಿಗೆ. ಮಗು ಬೇಡ ಅಂದರೆ ಬೇಡ, ಅಪ್ಪ ಎಷ್ಟೇ ಗದರಿಸಲಿ. ಎಥಿಕ್ಸ್ ಕಮಿಟಿಯ ಅನುಮತಿ ಬರುವ ಮೊದಲು ಸಂಶೋಧನೆಗಾಗಿ ಒಂದು ಅಳತೆಯನ್ನೂ ತೆಗೆಯಬಾರದು. ಚಿಕಿತ್ಸೆಯ ಟ್ರಯಲ್ ಆದರೆ ದೇಶದ ಟ್ರಯಲ್ ನೋಂದಣಿ ಪುಸ್ತಕವಾದ ಸಿಟಿಆರ್‌ಐನಲ್ಲಿ ಮೊದಲೇ ನೋಂದಾಯಿಸಬೇಕು, 2009ರಿಂದ ಕಡ್ಡಾಯ. ಕನ್‌ಕಷನ್ ಮಕ್ಕಳ ವಿಷಯದಲ್ಲಿ ಇನ್ನೂ ಒಂದು: ಪರೀಕ್ಷೆ ಮಾಡುವಾಗಲೇ ತಲೆನೋವು ಏರಿದರೆ ಯಾವ ಹಂತದಲ್ಲಿ ನಿಲ್ಲಿಸುತ್ತೀರಿ ಅಂತ ಪ್ರೋಟೋಕಾಲ್‌ನಲ್ಲೇ ಬರೆದಿಡಿ. ತಲೆ ತಿರುಗಿಸುವ ಪರೀಕ್ಷೆಗಳನ್ನು ಕೊನೆಗಿಡಿ, ಇಲ್ಲದಿದ್ದರೆ ಮುಂದಿನ ಅಳತೆಗಳೆಲ್ಲ ಕೆಡುತ್ತವೆ.

ನಮ್ಮಲ್ಲೇ ಇರುವ ಪ್ರಶ್ನೆಗಳು

ಅಮೆರಿಕದ ಸಂಶೋಧನೆಯಲ್ಲಿ ಅಮೆರಿಕನ್ ಫುಟ್‌ಬಾಲ್, ಐಸ್ ಹಾಕಿ, ಸಾಕರ್ (ನಾವು ಫುಟ್‌ಬಾಲ್ ಅನ್ನುವುದು) ಆಡಿ ಪೆಟ್ಟು ತಿಂದ ಹದಿಹರೆಯದವರು ಜಾಸ್ತಿ. ನಮ್ಮ ಮಕ್ಕಳಿಗೆ ತಲೆಗೆ ಪೆಟ್ಟು ಬೀಳುವುದು ಹೆಚ್ಚಾಗಿ ಎತ್ತರದಿಂದ ಬಿದ್ದು, ಆಮೇಲೆ ರಸ್ತೆಯಲ್ಲಿ. ಹೆಲ್ಮೆಟ್ ಇಲ್ಲದೆ ಸ್ಕೂಟರಿನ ಮುಂದೆ ನಿಂತುಕೊಂಡು ಹೋಗುವ ಮಗುವನ್ನು ದಿನಾ ನೋಡುತ್ತೇವೆ. ವಯಸ್ಸು ಚಿಕ್ಕದು, ಪೆಟ್ಟಿನ ರೀತಿ ಬೇರೆ. ಅಲ್ಲಿನ ಅಂಕಿಯನ್ನು ತಂದು ಇಲ್ಲಿ ಅಂಟಿಸುವ ಹಾಗಿಲ್ಲ.

ಇನ್ನೊಂದು ನನಗೆ ತುಂಬಾ ಇಷ್ಟದ ವಿಷಯ. ಕಿಂಗ್-ಡೆವಿಕ್, ಡಿಇಎಂ ಅಂತ ಎರಡು ಪರೀಕ್ಷೆ ಇವೆ. ಕಾರ್ಡಿನ ಮೇಲಿನ ಅಂಕಿಗಳನ್ನು ಮಗು ಜೋರಾಗಿ, ಬೇಗ ಬೇಗ ಓದಬೇಕು, ಎಷ್ಟು ಸೆಕೆಂಡ್ ಹಿಡಿಯಿತು ಅಂತ ಎಣಿಸುತ್ತಾರೆ. ಕಣ್ಣಿನ ಹಾರಾಟ ತಿಳಿಯಲು ಅಗ್ಗದ ಉಪಾಯ. ಆದರೆ ಸಿಂಧನೂರಿನ ಕನ್ನಡ ಮಾಧ್ಯಮದ ಮೂರನೇ ಕ್ಲಾಸಿನ ಹುಡುಗಿ 'ಫೋರ್, ಸೆವೆನ್' ಅನ್ನಬೇಕಾ 'ನಾಲ್ಕು, ಏಳು' ಅನ್ನಬೇಕಾ? ಯಾವುದರಲ್ಲಿ ಎಷ್ಟು ಸೆಕೆಂಡ್ ನಾರ್ಮಲ್? ನಿಧಾನವಾದರೆ ಕಣ್ಣಿನ ತಪ್ಪಾ, ಇಂಗ್ಲಿಷಿನ ಅಭ್ಯಾಸ ಕಡಿಮೆಯಾ? ಎಂ.ಆಪ್ಟಮ್ ಪ್ರಾಜೆಕ್ಟಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ಮೇಲೆ ಹೇಳಿದ ಒಪ್ಪಿಗೆಗಳ ಜೊತೆ ಕಾರ್ಡು, ಸ್ಟಾಪ್‌ವಾಚು ಇದ್ದರೆ ಸಾಕು, ಹೆಚ್ಚು ಖರ್ಚಿಲ್ಲ. ಹಾಗೇ ಓದುವಾಗಿನ ತೊಂದರೆಗಳ ಬಗ್ಗೆ 15 ಪ್ರಶ್ನೆಗಳ ಒಂದು ಪಟ್ಟಿ ಇದೆ, ಸಿಐಎಸ್‌ಎಸ್ ಅಂತ, ಮಕ್ಕಳಲ್ಲಿ 16 ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದರೆ ಲಕ್ಷಣ ಇದೆ ಅಂತ ಲೆಕ್ಕ. ನಮ್ಮ ಮಕ್ಕಳಿಗೆ ಅದೇ 16 ಹೊಂದುತ್ತದಾ ಅಂತ ನೋಡುವುದೂ ಮಾಡಬಹುದಾದ ಕೆಲಸ.

ಪೆಟ್ಟು ಬಿದ್ದ ಮಕ್ಕಳು ಎಲ್ಲಿ ಸಿಗುತ್ತಾರೆ? ಕಣ್ಣಾಸ್ಪತ್ರೆಯಲ್ಲಲ್ಲ. ನ್ಯೂರೋ ವಿಭಾಗದಲ್ಲಿ, ಎಮರ್ಜೆನ್ಸಿಯಲ್ಲಿ. ಬೆಂಗಳೂರಿನಲ್ಲಿ ಮಿದುಳಿಗೆ ನಿಮ್ಹಾನ್ಸ್ ಇದೆ, ಕಣ್ಣಿಗೆ ಮಿಂಟೋ ಇದೆ, ನಾರಾಯಣ ನೇತ್ರಾಲಯ ಇದೆ. ಮಿದುಳಿನ ಕಡೆಯವರೊಬ್ಬರು, ಕಣ್ಣಿನ ಕಡೆಯವರೊಬ್ಬರು, ಇಬ್ಬರು ಗೈಡುಗಳನ್ನು ಒಟ್ಟುಮಾಡುವುದೇ ಅರ್ಧ ಕೆಲಸ. ಒಬ್ಬರೇ ಸಾಕು ಅಂತ ಶುರು ಮಾಡಿದರೆ ಒಂದೋ ರೋಗಿಗಳು ಸಿಗುವುದಿಲ್ಲ, ಇಲ್ಲವೇ ಅಳತೆ ಸರಿಯಿರುವುದಿಲ್ಲ.

ಹೊರಗೆ ಹೋಗುವುದು, ದುಡ್ಡು

ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ ಎಲ್ಲ ಕಡೆ ದೃಷ್ಟಿ ವಿಜ್ಞಾನದ ಪಿಎಚ್‌ಡಿ ಇದೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಪಿಎಚ್‌ಡಿಗೆ ಫೀಸು ಮನ್ನಾ, ತಿಂಗಳ ಸ್ಟೈಪೆಂಡ್ ಕೂಡ ಬರುತ್ತದೆ. ಆದರೆ ಒಂದು ಮಾತು ಮೊದಲೇ ತಿಳಿದುಕೊಳ್ಳಿ. ಸಂಶೋಧನೆಗೆ ಲೈಸೆನ್ಸ್ ಬೇಡ, ಅಲ್ಲಿ ರೋಗಿಗಳನ್ನು ನೋಡಬೇಕಾದರೆ ಬೇಕು, ಅದಕ್ಕೆ ಅಲ್ಲಿನ ಒಡಿ (ಡಾಕ್ಟರ್ ಆಫ್ ಆಪ್ಟೋಮೆಟ್ರಿ) ಡಿಗ್ರಿ ಆಗಬೇಕು. ಹೊರದೇಶದಲ್ಲಿ ಆಪ್ಟೋಮೆಟ್ರಿ ಓದಿದವರಿಗೆ ಬಾಸ್ಟನ್‌ನ ನ್ಯೂ ಇಂಗ್ಲೆಂಡ್ ಕಾಲೇಜಿನಂಥ ಕಡೆ ನಾಲ್ಕು ವರ್ಷದ ಬದಲು ಕಡಿಮೆ ಅವಧಿಯ ದಾರಿ ಇದೆ, ಖರ್ಚು ಮಾತ್ರ ಭಾರಿ. ಕ್ಲಿನಿಕ್ ಸಂಶೋಧಕರಿಗೆ ಅಲ್ಲಿ ಹೆಸರುವಾಸಿಯಾದ, ಸರ್ಕಾರದ ಕೆ23 ಅನುದಾನ ಸಿಗಬೇಕಾದರೆ ಗ್ರೀನ್ ಕಾರ್ಡ್ ಆದರೂ ಇರಬೇಕು. ಅದನ್ನೇ ನಂಬಿ ಲೆಕ್ಕ ಹಾಕಬೇಡಿ. ಇಲ್ಲೇ ಇರುವವರಿಗೆ ಐಸಿಎಂಆರ್, ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ (ಡಿಬಿಟಿ) ಇವೆ, ಪಿಎಚ್‌ಡಿ ಆದಮೇಲೆ ಇಂಡಿಯಾ ಅಲಯನ್ಸ್ ಫೆಲೋಶಿಪ್ ಇದೆ, ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಐಸಿಎಂಆರ್‌ನ ಎಸ್‌ಟಿಎಸ್ (ಅಲ್ಪಾವಧಿ ಸಂಶೋಧನಾ ವಿದ್ಯಾರ್ಥಿವೇತನ) ಇದೆ. ಸಂಬಳ? ಅದೇ ಓದು ಓದಿ ಕನ್ನಡಕದ ಅಂಗಡಿ ಇಟ್ಟ ಗೆಳೆಯ ಮೊದಲ ಹತ್ತು ವರ್ಷ ನಿಮಗಿಂತ ಜಾಸ್ತಿ ದುಡಿಯಬಹುದು. ಮನೆಯವರಿಗೆ ಇದನ್ನು ಈಗಲೇ ಹೇಳಿಬಿಡಿ.

ಕೊನೆಗೆ ಗೈಡ್‌ಗೆ ಮೇಲ್. 'ರೆಸ್ಪೆಕ್ಟೆಡ್ ಸರ್, ಐ ಆಮ್ ವೆರಿ ಪ್ಯಾಷನೇಟ್' ಅಂತ ಶುರುವಾಗುವ ಮೇಲುಗಳು ಅವರಿಗೆ ರಾಶಿ ರಾಶಿ ಬರುತ್ತವೆ. ಅವರ ಒಂದು ಪೇಪರ್ ಪೂರ್ತಿ ಓದಿ, ಸಾರಾಂಶ ಮಾತ್ರ ಅಲ್ಲ, ವಿಧಾನದ ಭಾಗವನ್ನೂ. ಎನ್‌ಪಿಸಿಯ ಸೊನ್ನೆ ಎಲ್ಲಿಟ್ಟರು, ಹೋಲಿಕೆಯ ಗುಂಪು ಎಲ್ಲಿಂದ ತಂದರು, ಅಳೆದವರಿಗೆ ಯಾವ ಮಗು ಯಾವ ಗುಂಪಿನದು ಅಂತ ಗೊತ್ತಿತ್ತಾ ನೋಡಿ. ಅಲ್ಲಿಂದ ಹುಟ್ಟಿದ ಒಂದೇ ಪ್ರಶ್ನೆ, ನೀವು ಶಾಲೆಯಲ್ಲಿ ಅಳೆದ ಮಕ್ಕಳ ಬಗ್ಗೆ ಎರಡು ಸಾಲು, ನಿಮ್ಮ ಸಿವಿ. ಐದಾರು ಸಾಲು ಮೀರಬೇಡಿ. ಎರಡು ವಾರ ಉತ್ತರ ಬರಲಿಲ್ಲ ಅಂದರೆ ಇನ್ನೊಮ್ಮೆ ಕಳಿಸಿ, ಅವರು ಬೈಯುವುದಿಲ್ಲ.